ಇಲ್ಲಿ ಒಂದು ಮನೆ ಇತ್ತು, ಜೋರಾಗಿ ಚಪ್ಪಾಳೆ

ಈ ವರ್ಷದ ಆಮಂತ್ರಣ ಪತ್ರಿಕೆ ನಾಲ್ಕು ಮಡಿಕೆಯದು. ಬಿಚ್ಚಿದರೆ ಊಟದ ಟೇಬಲ್ ಪೂರ್ತಿ ಮುಚ್ಚುತ್ತದೆ. ದಿವ್ಯ ಸಾನ್ನಿಧ್ಯ, ಘನ ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು, ಆದರದ ಸ್ವಾಗತ ಬಯಸುವವರು. ಇಷ್ಟೂ ಜನರನ್ನು ದಾಟಿಕೊಂಡು ಕೊನೆಯ ಮಡಿಕೆಗೆ ಹೋದರೆ, ಸಾಸಿವೆಯಂಥ ಅಕ್ಷರದಲ್ಲಿ ಸಂಗತಿ ಏನೆಂದು ತಿಳಿಯುತ್ತದೆ: ನಮ್ಮ ಪಾರಂಪರಿಕ ಬಡಾವಣೆಯ ಬೇಸಿಗೆ ಸಂಭ್ರಮ, ಭಾನುವಾರ, ಬೆಳಿಗ್ಗೆ 9.30ಕ್ಕೆ ಸರಿಯಾಗಿ. ಕಾರ್ಡಿನಲ್ಲಿ ‘ಸರಿಯಾಗಿ’ ಅಂತ ಕಂಡರೆ ಸಾಕು, ಅನುಭವಸ್ಥರು ಸ್ನಾನಕ್ಕೆ ಹೋಗುವುದೇ ಹತ್ತು ಗಂಟೆಗೆ.

ನಮ್ಮದು ಹಳೇ ಬೆಂಗಳೂರು. ಬಸವನಗುಡಿಯೋ ಮಲ್ಲೇಶ್ವರವೋ ಅಂತ ಕೇಳಬೇಡಿ. ಹೇಳಿದೆನೋ, ಸಂಜೆಯೊಳಗೆ ಸಮಿತಿಯವರು ಮನೆಗೆ ಬಂದು ನನಗೂ ಒಂದು ಶಾಲು ಹೊದಿಸಿ ಬಾಯಿ ಮುಚ್ಚಿಸುತ್ತಾರೆ. ಹೇಗೂ ಎರಡರದ್ದೂ ಒಂದೇ ಜಾತಕ. 1898ರಲ್ಲಿ ಪೇಟೆಗೆ ಪ್ಲೇಗು ಬಂತು. ಇಲಿ ಸತ್ತವು, ಜನ ಸತ್ತರು, ಉಳಿದವರು ಪ್ಲೇಗಮ್ಮನಿಗೆ ಗುಡಿ ಕಟ್ಟಿ ಕೈಮುಗಿದರು. ಅರಮನೆಯ ಸರ್ಕಾರಕ್ಕೆ ಇಕ್ಕಟ್ಟೇ ಊರಿಗೆ ಶತ್ರು ಅಂತ ಖಾತ್ರಿಯಾದದ್ದು ಆಗಲೇ. ಅಗಲ ರಸ್ತೆ, ಮನೆ ಸುತ್ತ ಖಾಲಿ ಜಾಗ, ಗಾಳಿ ಬೆಳಕು, ಹಿತ್ತಲ ಹಿಂದೆ ಜಾಡಮಾಲಿ ಗಾಡಿ ಓಡಾಡಲೆಂದೇ ಕನ್ಸರ್ವೆನ್ಸಿ ಲೇನು. ಗಿಜಿಗಿಜಿಯಿಂದ ಜೀವ ಉಳಿಸಿಕೊಳ್ಳಲು ಜನ ಓಡಿಬಂದು ಸೇರಿದ ಬಡಾವಣೆ ಇದು. ಆ ಗಿಜಿಗಿಜಿ ಮತ್ತೆ ಬರುವುದಕ್ಕೆ ನೂರು ವರ್ಷಕ್ಕೂ ಮೇಲೆ ಹಿಡಿಯಿತು. ಈಗ ವರ್ಷಕ್ಕೊಮ್ಮೆ ಸಮಿತಿ ಮಾಡಿ ಕಾರ್ಡು ಹಾಕಿ ಕರೆಸುತ್ತೇವೆ.

ಮೊದಲ ಕಾರ್ಯಕ್ರಮ ಪಾರಂಪರಿಕ ನಡಿಗೆ.

ನಡೆಸಿಕೊಡುವ ಹುಡುಗ ಒಳ್ಳೆಯವನು, ಓದಿಕೊಂಡವನು. ಸೊಂಟಕ್ಕೆ ಪುಟ್ಟ ಸ್ಪೀಕರು, ಕಿವಿಗೆ ಸಿಕ್ಕಿಸಿದ ಮೈಕು. ಮೊದಲ ತಿರುವಿನಲ್ಲೇ ನಿಂತು, “ಇಲ್ಲಿ ಒಂದು ಮಂಕಿ ಟಾಪ್ ಮನೆ ಇತ್ತು” ಅಂದ. ಕಿಟಕಿಯ ಮೇಲೆ ಮರದ ಪಟ್ಟಿಗಳಲ್ಲಿ ಮಾಡಿದ ಚೂಪು ಟೊಪ್ಪಿಗೆಗೆ ಮಂಕಿ ಟಾಪ್ ಅನ್ನುವುದು, ಬೆಂಗಳೂರಿನ ಹಳೇ ಬಂಗಲೆಗಳ ಗುರುತೇ ಅದು, ಬಿಸಿಲನ್ನೂ ಇರಚಲನ್ನೂ ತಡೆಯುತ್ತಿತ್ತು ಅಂತೆಲ್ಲ ಕೈಯಲ್ಲಿ ಗಾಳಿಯಲ್ಲೇ ತ್ರಿಕೋನ ಬರೆದು ವಿವರಿಸಿದ. ನಲವತ್ತು ಜನ ಕತ್ತೆತ್ತಿ ನೋಡಿದೆವು. ಎದುರಿಗಿದ್ದದ್ದು ನಾಲ್ಕು ಅಂತಸ್ತಿನ ಗಾಜು. ಎರಡನೇ ಅಂತಸ್ತಿನ ಜಿಮ್ಮಿನಲ್ಲಿ ಒಬ್ಬರು ಇದ್ದಲ್ಲೇ ಓಡುತ್ತ ನಮ್ಮನ್ನು ನೋಡುತ್ತಿದ್ದರು. ನಾವು ಅವರ ಫೋಟೋ ತೆಗೆದುಕೊಂಡೆವು.

ಮುಂದಿನ ನಿಲ್ದಾಣದಲ್ಲಿ ಒಂದು ವಠಾರ ಇತ್ತು. ಅದರ ಮುಂದೆ ಬಾವಿ ಇತ್ತು. ಅದರಾಚೆ ಮದ್ರಾಸ್ ತಾರಸಿಯ ಮನೆ ಇತ್ತು. ತೊಲೆಗಳ ಮೇಲೆ ಇಟ್ಟಿಗೆಯನ್ನು ಅಡ್ಡಡ್ಡ ನಿಲ್ಲಿಸಿ ಗಾರೆ ಹಾಕಿ ಬಡಿದ ಮಾಳಿಗೆ, ಅದು ಬೇಸಿಗೆಯಲ್ಲಿ ತಂಪಾಗಿ ಇತ್ತು. ಪಕ್ಕದಲ್ಲಿ ಸಂಪಿಗೆ ಮರ ಇತ್ತು. ಹುಡುಗನದು ಅಪ್ಪಟ ಭೂತಕಾಲ. ಆ ಪದಕ್ಕೆ ಕನ್ನಡದಲ್ಲಿ ಇರುವ ಇನ್ನೊಂದು ಅರ್ಥ ನನಗೆ ಅಷ್ಟು ಚೆನ್ನಾಗಿ ಎಂದೂ ಮನದಟ್ಟಾಗಿರಲಿಲ್ಲ. ನಲವತ್ತು ಜನ ಮಟಮಟ ಬಿಸಿಲಲ್ಲಿ ಇಲ್ಲದ ಮನೆಗಳಿಗೆ ತಲೆಯಾಡಿಸುತ್ತ ಹೋಗುವುದನ್ನು ಹೊಸಬರು ಯಾರಾದರೂ ಕಂಡಿದ್ದರೆ ತಾಯಿತ ಕಟ್ಟಿಸುತ್ತಿದ್ದರು. ಒಂದು ಮನೆ ಮಾತ್ರ ಪೂರ್ತಿ ಹೋಗಿರಲಿಲ್ಲ, ಅದರ ಹೆಸರು ಉಳಿದಿತ್ತು. ಗ್ರಾನೈಟ್ ಫಲಕದಲ್ಲಿ ಚಿನ್ನದ ಬಣ್ಣದಲ್ಲಿ ಹಳೇ ಯಜಮಾನರ ಹೆಸರು ಕೆತ್ತಿ, ಬಾಲಕ್ಕೆ ‘ಎನ್‌ಕ್ಲೇವ್’ ಅಂತ ಅಂಟಿಸಿದ್ದರು. ಗೇಟಿನ ಸೆಕ್ಯೂರಿಟಿಯವನು “ಯಾವ ಫ್ಲಾಟು?” ಅಂತ ಕೇಳಿ ಒಳಗೆ ಬಿಡಲಿಲ್ಲ. ಪರಂಪರೆ ನೋಡಲು ಬಂದಿದ್ದೇವೆ ಅಂದರೆ, ರಿಜಿಸ್ಟರಿನಲ್ಲಿ ಹಾಗೆ ಬರೆಯಲು ಕಾಲಂ ಇಲ್ಲ ಅಂದ.

ಮೊದಲ ವರ್ಷ ಈ ನಡಿಗೆ ಎರಡೂವರೆ ಗಂಟೆ ಹಿಡಿಯುತ್ತಿತ್ತು. ಈಗ ನಲವತ್ತು ನಿಮಿಷ, ಅದರಲ್ಲೂ ಹದಿನೈದು ನಿಮಿಷ ಕಾಫಿಗೆ. ನೋಡಲು ಏನೂ ಉಳಿಯದೆ ದಾರಿ ಗಿಡ್ಡವಾಗಿದೆ ಅಂತ ಬೇರೆಯವರಾದರೆ ಒಪ್ಪಿಕೊಳ್ಳುತ್ತಿದ್ದರು. ನಮ್ಮ ಕಾರ್ಯದರ್ಶಿಗಳು ಕಾರ್ಡಿನಲ್ಲೇ ಹಾಕಿಸಿದ್ದಾರೆ: “ಹಿರಿಯ ನಾಗರಿಕರ ಅನುಕೂಲಕ್ಕಾಗಿ ಮಾರ್ಗವನ್ನು ಮೊಟಕುಗೊಳಿಸಲಾಗಿದೆ.”

ಮನೆ ಮಾರಿದವರನ್ನು ಬೈಯಲು ನನಗೆ ಬಾಯಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾಲ್ಕು ಜನ ಮಕ್ಕಳು, ಇಬ್ಬರು ಅಮೆರಿಕದಲ್ಲಿ. ತೊಲೆಗೆ ಗೆದ್ದಲು, ಮಳೆ ಬಂದರೆ ಮೂರು ಕೋಣೆಯಲ್ಲಿ ಬಕೆಟ್ಟು. ಬಿಲ್ಡರ್ ಬಂದು ಜಾಯಿಂಟ್ ಡೆವಲಪ್‌ಮೆಂಟ್ ಅಂದರೆ ಒಬ್ಬೊಬ್ಬರಿಗೂ ಒಂದು ಫ್ಲಾಟು, ಜಗಳವಿಲ್ಲ. ಹಳೇ ಮನೆ ಉಳಿಸಿಕೊಂಡವರಿಗೆ ಸಿಗುವುದು ವರ್ಷಕ್ಕೊಮ್ಮೆ ನಲವತ್ತು ಜನ ಬಂದು ಗೇಟಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಭಾಗ್ಯ. ನಾನಾಗಿದ್ದರೂ ಸಹಿ ಹಾಕುತ್ತಿದ್ದೆ. ಆದರೆ ಸಹಿ ಹಾಕಿದ ಮೇಲೆ ಗಂಟಲು ಕಟ್ಟಿಸಿಕೊಂಡು ಮೈಕಿನ ಮುಂದೆ ನಿಲ್ಲುತ್ತಿರಲಿಲ್ಲ, ಅಷ್ಟೇ.

ಮೈಕು ಅಂದೆನಲ್ಲ, ವೇದಿಕೆಗೆ ಬರೋಣ. ಪ್ರತಿವರ್ಷ ವೇದಿಕೆಗೆ ಜಾಗದ ತಾಪತ್ರಯ. ಪಾರ್ಕಿನಲ್ಲಿ ಕೊಡುವುದಿಲ್ಲ, ರಸ್ತೆಯಲ್ಲಿ ಹಾಕಿದರೆ ಪೊಲೀಸರ ಅನುಮತಿ. ಈ ಸಲ ದೇವರು ಕಣ್ಣುಬಿಟ್ಟ. ಮೂರನೇ ಅಡ್ಡರಸ್ತೆಯ ಮೂಲೆಯ ಮನೆಯನ್ನು ಫೆಬ್ರವರಿಯಲ್ಲಿ ಕೆಡವಿದ್ದರಿಂದ ಅರವತ್ತಕ್ಕೆ ನೂರರ ನಿವೇಶನ ಹಾಗೇ ಖಾಲಿ ಬಿದ್ದಿತ್ತು. ಕೆಡವಿದ ಬಿಲ್ಡರೇ ಸಂತೋಷದಿಂದ ಜಾಗ ಬಿಟ್ಟುಕೊಟ್ಟು, ಮುಖ್ಯ ಪ್ರಾಯೋಜಕರೂ ಆದರು. ಮನೆಯ ನಡುಮನೆ ಇದ್ದಲ್ಲಿ ವೇದಿಕೆ, ಅಡಿಗೆಮನೆ ಇದ್ದಲ್ಲಿ ಜನರೇಟರು, ತುಳಸಿಕಟ್ಟೆ ಇದ್ದಲ್ಲಿ ವಿಐಪಿ ಸೋಫಾ.

ವೇದಿಕೆಯ ಮೇಲೆ ಏನಿತ್ತು ಅನ್ನುತ್ತೀರಿ? ಒಂದು ಹಳೇ ಮನೆ. ಥರ್ಮೋಕೋಲಿನದು. ಹನ್ನೆರಡು ಅಡಿ ಎತ್ತರ, ಎರಡು ಕಡೆ ಜಗಲಿ, ನಾಲ್ಕು ಕಂಬ, ಕಂಬಕ್ಕೆ ಪೇಂಟಿನಲ್ಲಿ ಮರದ ಗೆರೆ, ಕಿಟಕಿಗೆ ಮಂಕಿ ಟಾಪು. ನೆಲಕ್ಕೆ ಕೆಂಪು ಮ್ಯಾಟು ಹಾಸಿ ರೆಡ್ ಆಕ್ಸೈಡ್ ನೆಲದ ಭ್ರಮೆ ತರಿಸಿದ್ದರು. ಕಲಾವಿದರ ಕೈಚಳಕಕ್ಕೆ ನಮಸ್ಕಾರ. ಫೋಟೋ ನೋಡಿ ಮಾಡಿದ್ದಂತೆ. ಯಾವ ಫೋಟೋ ಅಂತ ವಿಚಾರಿಸಿದೆ. ಅದೇ ನಿವೇಶನದಲ್ಲಿದ್ದ ಮನೆಯದೇ! ಅಂದರೆ ಮನೆ ಇದ್ದ ಜಾಗದಲ್ಲೇ, ಮನೆಯದೇ ಅಳತೆ ಹಿಡಿದು, ಮನೆ ಕೆಡವಿದವರದೇ ದುಡ್ಡಿನಲ್ಲಿ, ಮನೆಯಂಥದ್ದೊಂದನ್ನು ಎಬ್ಬಿಸಿದ್ದರು. ಮೂರು ತಿಂಗಳು ಮೊದಲೇ ಸಂಭ್ರಮ ಇಟ್ಟುಕೊಂಡಿದ್ದರೆ ಥರ್ಮೋಕೋಲಿನ ಖರ್ಚಾದರೂ ಉಳಿಯುತ್ತಿತ್ತಲ್ಲ ಅಂತ ಖಜಾಂಚಿಗಳ ಕಿವಿಯಲ್ಲಿ ಹೇಳಿದೆ. ಅವರು ಗಂಭೀರವಾಗಿ, “ಫೆಬ್ರವರಿ ಬೇಸಿಗೆ ಅಲ್ಲವಲ್ಲ ಸಾರ್” ಅಂದರು.

ಅಸಲಿ ಕಂಬಗಳೂ ಬಂದಿದ್ದವು, ಸುಳ್ಳು ಹೇಳಬಾರದು. ತೇಗದ ಆ ನಾಲ್ಕು ಕಂಬಗಳನ್ನು ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಪಾಲಿಶ್ ಹೊಡೆಸಿ ತಮ್ಮ ಮಳಿಗೆಯಲ್ಲಿ ನಿಲ್ಲಿಸಿಕೊಂಡಿದ್ದರು. ಒಂದರ ಬುಡದಲ್ಲಿ ಯಾವುದೋ ಮಗುವಿನ ಎತ್ತರ ಗುರುತು ಹಾಕಿದ ಮೊಳೆಗೆರೆಗಳು, ಒಂದರ ಮೇಲೊಂದು, ಏಳೆಂಟು ಇದ್ದವು. ಪಾಲಿಶಿನವನ ಕೈಗೂ ಅಳಿದಿರಲಿಲ್ಲ. ಡ್ಯಾಮೇಜ್ ಇರುವುದರಿಂದ ಅದಕ್ಕೆ ಮಾತ್ರ ಡಿಸ್ಕೌಂಟ್ ಉಂಟು ಅಂದರು.

ಉದ್ಘಾಟನೆ ಹನ್ನೊಂದೂಕಾಲಿಗೆ ಆಯಿತು. ಬಿಸಿಲಿನ ವಿಷಯ ಬೇರೆ ಹೇಳಬೇಕೆ? 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರು 39.2 ಡಿಗ್ರಿ ಮುಟ್ಟಿದ ಊರು. ಸಸಿಗೆ ನೀರೆರೆದು ಉದ್ಘಾಟಿಸಿದರು. ಸಸಿ ಪ್ಲಾಸ್ಟಿಕ್ ಕುಂಡದಲ್ಲಿತ್ತು, ಸ್ವಾಗತದ ಫ್ಲೆಕ್ಸು ಹೊಂಗೆಮರಕ್ಕೆ ಹೊಡೆದ ಮೊಳೆಯಲ್ಲಿತ್ತು. ಫ್ಲೆಕ್ಸು ನಿಷೇಧ ಅಲ್ಲವೇ ಅಂತ ಯಾರೋ ಕೇಳಿದ್ದಕ್ಕೆ, ಇದು ಫ್ಲೆಕ್ಸಲ್ಲ, ಪರಿಸರಸ್ನೇಹಿ ಬ್ಯಾನರು ಅಂತ ಉತ್ತರ ಬಂತು. ಹಾಗಂತ ಆ ಬ್ಯಾನರಿನ ಮೇಲೇ ಬರೆದಿತ್ತು, ನಾನೂ ಓದಿದೆ. ನೀರಿನ ವಿಷಯದಲ್ಲೂ ಸಮಿತಿ ಬಲು ಹುಷಾರು. 2024ರ ಮಾರ್ಚಿನಲ್ಲಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೊರಡಿಸಿದ ವರ್ಷ, ನಮ್ಮ ಸಂಭ್ರಮದ ಆಶಯವೇ ‘ಜಲ ಉಳಿಸಿ’ ಆಗಿತ್ತು. ಆ ಆಶಯವನ್ನು ರಸ್ತೆ ಉದ್ದಕ್ಕೂ ರಂಗೋಲಿಯಲ್ಲಿ ಬರೆಯಬೇಕಲ್ಲ, ಹಿಂದಿನ ರಾತ್ರಿ ಎರಡು ಟ್ಯಾಂಕರ್ ತರಿಸಿ ರಸ್ತೆ ತೊಳೆಸಿದ್ದರು. ಬೋರ್‌ವೆಲ್ ನೀರು, ಕಾವೇರಿಯಲ್ಲ. ಕಾನೂನು ಮುರಿದವರು ನಾವಲ್ಲ.

ಸನ್ಮಾನಗಳು ಹದಿನೇಳು. ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಹದಿನೇಳನೆಯವರು ಬಡಾವಣೆಯ ಅತಿ ಹಿರಿಯ ನಿವಾಸಿ, ವೇದಿಕೆಯ ಪಕ್ಕದ ಮನೆಯ ಅಜ್ಜಿ. ಹತ್ತು ಗಂಟೆಗೇ ಕರೆತಂದು ಕೂರಿಸಿದ್ದರಿಂದ ಅವರ ಸರದಿ ಬರುವಷ್ಟರಲ್ಲಿ ಇನ್ನೊಂದಷ್ಟು ಹಿರಿಯರಾಗಿದ್ದರು. ನಿರೂಪಕಿ ಮೈಕನ್ನು ಅವರ ಬಾಯಿಗೆ ಹಿಡಿದು, “ಅಜ್ಜಿ, ಆಗಿನ ಬಡಾವಣೆ ಹೇಗಿತ್ತು, ಎರಡು ಮಾತು” ಅಂದರು. ಅಜ್ಜಿ ಮೈಕನ್ನು ಒಂದು ಕ್ಷಣ ಅನುಮಾನದಿಂದ ನೋಡಿ, “ನಮ್ಮನೆ ಮೀಟರಿಂದ ವೈರ್ ಎಳ್ಕೊಂಡಿದ್ದೀರಲ್ಲಪ್ಪ, ಬಿಲ್ಲು ಯಾರು ಕಟ್ಟೋದು?” ಅಂದರು. ಹಿಂದಿನ ಸಾಲುಗಳಿಗೆ ಸರಿಯಾಗಿ ಕೇಳಿಸಲಿಲ್ಲ, ಭಾವುಕರಾಗಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲು ಕೇಳಿಸಿಕೊಂಡಿತ್ತು, ಅದು ಇನ್ನೂ ಜೋರಾಗಿ ತಟ್ಟಿತು.

ಹಾಗಂತ ಈ ಊರಲ್ಲಿ ಬೇಸಿಗೆಗೆ ಜನ ಸೇರುವುದು ಹೊಸತೇನಲ್ಲ. ಚೈತ್ರ ಪೌರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ, ಬಿಚ್ಚುಗತ್ತಿಯ ವೀರಕುಮಾರರ ನಡುವೆ ಪೇಟೆ ಸುತ್ತಿ, ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆದುಬಂದಿದೆ. ಅತ್ತ ರಾಗ ವಿಸ್ತಾರವಾಗುತ್ತಿದ್ದರೆ ಇತ್ತ ಯಾರೋ ಪಾನಕದ ಲೋಟ ಕೈಗಿಡುತ್ತಾರೆ. ನಮ್ಮ ಸಮಿತಿಗೆ ಇದರ ಬಗ್ಗೆ ಗೌರವವಿದೆ, ಒಂಚೂರು ಹೊಟ್ಟೆಕಿಚ್ಚೂ ಇದೆ. ನೋಂದಣಿ ಲಿಂಕಿಲ್ಲ, ಟೀಶರ್ಟಿಲ್ಲ, ಕೈಗೆ ಪಟ್ಟಿ ಕಟ್ಟುವುದಿಲ್ಲ, ಆದರೂ ಅಷ್ಟು ಜನ ಹೇಗೆ ಬರುತ್ತಾರೆ ಅಂತ ಅಧ್ಯಕ್ಷರು ಒಮ್ಮೆ ನನ್ನನ್ನು ನಿಜವಾಗಿಯೂ ಕೇಳಿದ್ದರು.

ಲಿಂಕು, ಟೀಶರ್ಟು, ಪಟ್ಟಿ ಮೂರೂ ಇದ್ದದ್ದು ನಮ್ಮ ಗ್ರಾಮೀಣ ಆಟಗಳಿಗೆ. ಲಗೋರಿ, ಬುಗುರಿ, ಚೌಕಾಬಾರ, ಕುಂಟೆಬಿಲ್ಲೆ. ಆರರಿಂದ ಹನ್ನೆರಡು ವರ್ಷದವರಿಗೆ ಮಾತ್ರ, ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ. ಜಾಗ ಪಾರ್ಕಿನ ಎದುರಿನ ರಸ್ತೆ. ಪಾರ್ಕಿನ ಗೇಟಿನಲ್ಲಿ ‘ಇಲ್ಲಿ ಮಕ್ಕಳು ಆಟವಾಡುವುದನ್ನು ನಿಷೇಧಿಸಿದೆ’ ಎಂಬ ಬೋರ್ಡು ವರ್ಷವಿಡೀ ಇರುತ್ತದೆ. ಅವತ್ತು ಅದಕ್ಕೆ ಮಾವಿನ ತೋರಣ ಕಟ್ಟಿ ಅಕ್ಷರ ಮರೆಮಾಡಿದ್ದರು. ಲಗೋರಿಗೆ ಏಳು ಕಲ್ಲು ಬೇಕು. ಆನ್‌ಲೈನಿನಲ್ಲಿ ಸೆಟ್ ತರಿಸಿದ್ದರು, ಮರದ್ದು, ಅಂಚು ಉರುಟು, ಮೇಲೆ ನಂಬರು. ಇಪ್ಪತ್ತು ಹೆಜ್ಜೆ ಆಚೆ ಮೂಲೆಮನೆಯ ಅವಶೇಷ ಎರಡು ಲಾರಿಯಷ್ಟು ಬಿದ್ದಿತ್ತು.

ಮಕ್ಕಳಿಗೆ ಕಣ್ಣಿರುತ್ತದಲ್ಲ. ಒಬ್ಬ ಹುಡುಗ, ಒಂಬತ್ತು ವರ್ಷ ಇರಬಹುದು, ಆ ರಾಶಿ ಕೆದಕಿ ಹೆಂಚಿನ ಚೂರೊಂದನ್ನು ಆರಿಸಿ ತಂದ. ಕುಂಟೆಬಿಲ್ಲೆ ಆಡಿದವರಿಗೆ ಗೊತ್ತು, ಬಿಲ್ಲೆಗೆ ಮಂಗಳೂರು ಹೆಂಚಿನ ಚೂರಿನಷ್ಟು ವಾಸಿಯಾದದ್ದು ಇನ್ನೊಂದಿಲ್ಲ: ಎಸೆದಲ್ಲಿ ನಿಲ್ಲುತ್ತದೆ, ಜಾರುವುದಿಲ್ಲ. ಅವನು ಅದನ್ನು ಕಾಂಕ್ರೀಟಿನ ಅಂಚಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿಕೊಂಡ. ಬೆರಳೆಲ್ಲ ಕೆಂಪು. ಯಾರು ಹೇಳಿಕೊಟ್ಟರೋ ಕಾಣೆ. ಚೌಕಗಳನ್ನು ಮುದ್ರಿಸಿ ಹಾಸಿದ್ದ ಮ್ಯಾಟಿನ ಮೇಲೆ ಎಸೆದು, ಒಂಟಿಕಾಲಲ್ಲಿ ಮೂರನೇ ಮನೆ ದಾಟಿದ್ದ. ಅಷ್ಟರಲ್ಲಿ ಟೀಶರ್ಟಿನ ಸ್ವಯಂಸೇವಕರೊಬ್ಬರು ಬಂದು, ಚೂಪಾಗಿದೆ, ಕೈ ಕುಯ್ಯುತ್ತದೆ ಅಂತ ಕಿತ್ತುಕೊಂಡು ಅವನಿಗೆ ಹಳದಿ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟರು. ಬಿಸಾಕುವ ಮುನ್ನ ಚೂರನ್ನು ತಿರುಗಿಸಿ ನೋಡಿದವರು ಹಾಗೇ ನಿಂತರು. ಹಿಂಬದಿಯಲ್ಲಿ ಉಬ್ಬಚ್ಚಿನ ಇಂಗ್ಲಿಷ್ ಅಕ್ಷರ, ಅರ್ಧ ಅಳಿದದ್ದು: ಬಾಸೆಲ್ ಮಿಷನ್.

ಆಮೇಲೆ ಸಂಭ್ರಮವೋ ಸಂಭ್ರಮ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಜರ್ಮನ್ ಪಾದ್ರಿಗಳು ಹೆಂಚಿನ ಕಾರ್ಖಾನೆ ಹಾಕಿದ್ದು, ನೇತ್ರಾವತಿಯ ಜೇಡಿಮಣ್ಣು, ಎಲ್ಲವನ್ನೂ ನಡಿಗೆಯ ಹುಡುಗ ಓಡಿಬಂದು ಮೈಕಿನಲ್ಲಿ ವಿವರಿಸಿದ. ಅವತ್ತು ಅವನ ಬಾಯಲ್ಲಿ ‘ಇದೆ’ ಅನ್ನುವ ಪದ ಬಂದದ್ದು ಅದೊಂದೇ ಸಲ. ಪ್ರದರ್ಶನದ ಮಳಿಗೆಯಲ್ಲಿ ತಟ್ಟೆಯೊಂದಕ್ಕೆ ನೀಲಿ ಮಖಮಲ್ಲು ಹಾಸಿ, ಚೂರನ್ನು ಇಟ್ಟು, ‘ದಯವಿಟ್ಟು ಮುಟ್ಟಬೇಡಿ’ ಎಂಬ ಚೀಟಿ ನಿಲ್ಲಿಸಿದರು. ಮುಖ್ಯ ಪ್ರಾಯೋಜಕರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಹುಡುಗ ಪ್ಲಾಸ್ಟಿಕ್ ಬಿಲ್ಲೆ ಹಿಡಿದುಕೊಂಡು ಅಲ್ಲಿಗೇ ಬಂದ. ಮ್ಯಾಟಿನ ಮೇಲೆ ಅದು ಜಾರಿ ಜಾರಿ ಗೆರೆ ಮೇಲೇ ಹೋಗಿ ಬೀಳುತ್ತಿತ್ತಂತೆ.

“ಅಂಕಲ್, ನನ್ನ ಬಿಲ್ಲೆ ಕೊಡಿ.”

“ಅದು ಪರಂಪರೆ ಕಣೋ ಪುಟ್ಟ, ಆಡೋ ಸಾಮಾನಲ್ಲ.”

“ಅಲ್ಲಿ ಇನ್ನೂ ತುಂಬಾ ಇದೆ, ತಂದ್ಕೊಡ್ಲಾ?”

ಸ್ವಯಂಸೇವಕರು ಗಡಿಯಾರ ನೋಡಿಕೊಂಡರು. ರಾಶಿ ಎತ್ತುವ ಲಾರಿ ಎರಡು ಗಂಟೆಗೆ ಬರುವುದಿತ್ತು.