ಆ ರೊಟ್ಟಿ ಸುಮ್ನೆ ಬಂದದ್ದಲ್ಲ

ಶ್ರೀಶೈಲಕ್ಕೆ ನಡೆದು ಹೋಗಿ ಬಂದ ಮೇಲೆ ಒಂದಿಷ್ಟು ಫೋಟೊ ಹಾಕಿದ್ದೆ. ದಾರಿಯುದ್ದಕ್ಕೂ ಕರೆದು ಕರೆದು ಊಟ ಹಾಕಿದವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಓದಿದವರಲ್ಲಿ ತುಂಬಾ ಜನ ಹೇಳಿದ್ದು ಒಂದೇ ಮಾತು. "ಹಳ್ಳಿ ಜನ ಮುಗ್ಧರು. ಸಿಟಿಯಲ್ಲಿ ಎಲ್ಲಿದೆ ಮನುಷ್ಯತ್ವ?" ಹೊಗಳಲಿಕ್ಕೇ ಹೇಳಿದ್ದು, ಗೊತ್ತು. ಆದರೂ ನನಗೆ ಕಿರಿಕಿರಿ ಆಯ್ತು. ಬರೀ ಮುಗ್ಧತೆಯಿಂದ ಸಾವಿರಾರು ಜನಕ್ಕೆ ಅಡುಗೆ ಆಗುತ್ತಾ?

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಪ್ರತಿವರ್ಷ ಹೋಳಿ ಹುಣ್ಣಿಮೆ ಕಳೆದು ಯುಗಾದಿ ಹತ್ತಿರ ಬಂತು ಅಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಗದಗ ಕಡೆಯ ಜನ ಗುಂಪು ಗುಂಪಾಗಿ, ಮಲ್ಲಯ್ಯನ (ಮಲ್ಲಿಕಾರ್ಜುನ ಸ್ವಾಮಿಯ) ದರ್ಶನಕ್ಕೆ ಆಂಧ್ರದ ಶ್ರೀಶೈಲದ ದಾರಿ ಹಿಡಿಯುತ್ತಾರೆ. ಕೆಲವರು ಹೆಗಲ ಮೇಲೆ ಕಂಬಿ (ದೇವರ ಕಾವಡಿ) ಹೊತ್ತಿರುತ್ತಾರೆ. ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ಮಲ್ಲಯ್ಯನ ಹೆಂಡತಿ ಭ್ರಮರಾಂಬೆ ನಮ್ಮ ಮನೆಮಗಳು ಅಂತ ಸೀರೆ, ಅರಿಶಿನ, ಕುಂಕುಮ ಒಯ್ಯುವ ಹೆಂಗಸರಿರುತ್ತಾರೆ. ನಾನು ಹೋದದ್ದು ನಮ್ಮ ಚಿಕ್ಕಮ್ಮನ ಊರಿನವರ ಜೊತೆ. ಹುನಗುಂದ, ಇಳಕಲ್, ಮುದಗಲ್, ಲಿಂಗಸುಗೂರು, ಆಮೇಲೆ ರಾಯಚೂರು ಸೀಮೆಯ ಬಿಸಿಲು. ಆ ಬಿಸಿಲಿನ ಬಗ್ಗೆ ನಾನೇನೂ ಹೇಳಲ್ಲ, ಉಂಡವರಿಗೇ ಗೊತ್ತು.

ಮುದಗಲ್ ದಾಟಿದ ಮೇಲೆ ಒಂದು ಊರಿನ ಶಾಲೆಯಲ್ಲಿ ರಾತ್ರಿ ತಂಗಿದ್ದೆವು. ಊಟಕ್ಕೆ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಾದಲಿ, ಅನ್ನ, ಸಾರು. ಉಂಡು ಕೈ ತೊಳೆಯಲು ಹೋದಾಗ ಅಲ್ಲೇ ಕುರ್ಚಿ ಮೇಲೆ ಒಂದು ಲೆಕ್ಕದ ಪುಸ್ತಕ ಬಿದ್ದಿತ್ತು. ನನ್ನದು ಸ್ವಲ್ಪ ಇಣುಕುವ ಬುದ್ಧಿ. ತೆರೆದು ನೋಡಿದರೆ ಊರಿನ ಮನೆಗಳ ಹೆಸರು ಸಾಲಾಗಿ ಬರೆದಿದ್ದರು. ಯಾರ ಮನೆಯಿಂದ ಎಷ್ಟು ರೊಟ್ಟಿ, ಸೌದೆ ಯಾರದು, ನೀರಿನ ಟ್ಯಾಂಕರಿಗೆ ಟ್ರ್ಯಾಕ್ಟರ್ ಯಾರದು, ರಾತ್ರಿ ಎಚ್ಚರ ಇರುವವರು ಯಾರು, ಬೆಳಿಗ್ಗೆ ಚಹಾ ಯಾರ ಪಾಳಿ. ಕೆಲವು ಹೆಸರುಗಳ ಮುಂದೆ ಕಾಳು ಇಲ್ಲ, ರೊಕ್ಕ ಇಲ್ಲ, ಬರೀ "ಭಾಂಡೆ ತಿಕ್ಕೋದು" ಅಂತಿತ್ತು. ಕೊಡಲು ಏನೂ ಇಲ್ಲದ ಮನೆಗೂ ಒಂದು ಕೆಲಸ ಹಂಚಿದ್ದರು. ಖಾಲಿ ಬಿಟ್ಟ ಹೆಸರು ಒಂದೂ ಕಾಣಲಿಲ್ಲ.

ಪುಸ್ತಕದ ಯಜಮಾನರು ಬಂದು ನಕ್ಕರು. "ಏನ್ ನೋಡಾಕತ್ತೀರಿ ಅಕ್ಕಾರ? ಹೋದ ವರ್ಷ ಮಜ್ಜಿಗಿ ಸಾಲಲಿಲ್ರಿ. ಅದಕ್ಕ ಈ ಸಲ ಬಾಜೂ ಊರಾಗೂ ಹೇಳೀವಿ" ಅಂದರು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ. ಹಾಗಾಗಿ ಮನೆಮನೆಯ ಹೆಂಗಸರು ನಾವು ಬರುವ ಎಷ್ಟೋ ದಿನ ಮೊದಲೇ ತಟ್ಟಿ, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಹೊಲದ ಕೆಲಸ ಮುಗಿಸಿ ಬಂದು, ರಾತ್ರಿ ಒಲೆ ಮುಂದೆ ಕೂತು. ಇದನ್ನು "ಮುಗ್ಧತೆ" ಅಂದುಬಿಟ್ಟರೆ ಆ ಹೆಂಗಸರ ರಟ್ಟೆನೋವು ಎಲ್ಲಿ ಹೋಯ್ತು?

ಇನ್ನೊಂದು ವಿಷಯ ಇದೆ. ಪಾದಯಾತ್ರೆ ಬಗ್ಗೆ ಬರೆಯುವ ಗಂಡಸರು ಯಾಕೋ ಇದನ್ನು ಬರೆಯೋದೇ ಇಲ್ಲ. ದಾರಿಯಲ್ಲಿ ಹೆಂಗಸರಿಗೆ ಅನ್ನಕ್ಕಿಂತ ದೊಡ್ಡ ಚಿಂತೆ ಬಚ್ಚಲಿನದು. ಅನ್ನ ಎಲ್ಲಾದರೂ ಸಿಗುತ್ತೆ. ಬಾಗಿಲು ಇರುವ ಬಚ್ಚಲು ಸಿಗಬೇಕಲ್ಲ! ರಾಯಚೂರು ಜಿಲ್ಲೆಯ ಒಂದು ಓಣಿಯಲ್ಲಿ ಬೆಳಗಿನ ಜಾವ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು, ಬರೀ ನಮ್ಮನ್ನೇ ನೋಡಿ ಮೆಲ್ಲಗೆ ಕರೆದಳು. "ಜಳಕಾ ಮಾಡೋರು ಬರ್ರಿ ಯಕ್ಕಾ, ನೀರು ಕಾಸೀನಿ. ಗಂಡಸ್ರನ್ನ ಹೊರಗ ಹಾಕೀನಿ." ಗಂಡ, ಮೈದುನ ಇಬ್ಬರೂ ಕಟ್ಟೆ ಮೇಲೆ ಹಲ್ಲುಜ್ಜುತ್ತಾ ಕೂತಿದ್ದರು, ಪಾಪ. ಒಬ್ಬೊಬ್ಬರಾಗಿ ನಮ್ಮ ಗುಂಪಿನ ಎಲ್ಲ ಹೆಂಗಸರ ಸ್ನಾನ ಮುಗಿಯೋವರೆಗೆ ಆಕೆ ಹಂಡೆಗೆ ನೀರು ಸುರಿಯುತ್ತಲೇ ಇದ್ದಳು. ಆ ನೀರು ಆಕೆ ಬೋರಿನಿಂದ ಹೊತ್ತು ತಂದದ್ದು. ಕೊನೆಗೆ ಒಬ್ಬರಿಗೆ ಸ್ಯಾನಿಟರಿ ಪ್ಯಾಡ್ ಬೇಕಾಯ್ತು. ಒಳಗಿಂದ ಮಗಳದ್ದು ತಂದು, ಹಾಳೆಯಲ್ಲಿ ಸುತ್ತಿ ಕೈಗಿಟ್ಟಳು. ದೇವರಿಗೆ ಹೊರಟವರು, ಮುಟ್ಟು, ಮೈಲಿಗೆ ಅಂತ ಆಕೆ ಒಂದು ಮಾತೂ ಆಡಲಿಲ್ಲ.

ಕಾಲಿನ ಕಥೆ ಎಲ್ಲರಿಗೂ ಇರುತ್ತೆ, ನನಗೂ ಇತ್ತು. ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ. ಒಬ್ಬ ಅಜ್ಜಿ ಸೂಜಿಗೆ ದಾರ ಪೋಣಿಸಿ, ಬೊಬ್ಬೆಗೆ ಚುಚ್ಚಿ, ದಾರ ಅಲ್ಲೇ ಬಿಟ್ಟರು. ನೀರು ದಾರದ ಗುಂಟ ಇಳಿಯಿತು. (ಡಾಕ್ಟರುಗಳು ಇದನ್ನು ಒಪ್ಪಲ್ಲ, ನೀವು ಮಾಡಿಕೊಳ್ಳಬೇಡಿ.) ಆಮೇಲೆ ಪಾದಕ್ಕೆ ಎಣ್ಣೆ ತಿಕ್ಕಲು ಶುರು ಮಾಡಿದರು. ನನಗೆ ಸಂಕೋಚ. ಹಿರಿಯರು ನನ್ನ ಕಾಲು ಮುಟ್ಟೋದಾ? "ಬ್ಯಾಡಬೇ ಅಮ್ಮಾ" ಅಂತ ಕಾಲು ಎಳೆದುಕೊಂಡರೆ ಬೈದರು. "ಕಾಲು ನಿನ್ನವಲ್ಲ, ಮಲ್ಲಯ್ಯನವು. ಸುಮ್ನ ಕುಂದ್ರು." ಅವರಿಗೆ ನಡೆದು ಹೋಗುವ ಶಕ್ತಿ ಇಲ್ಲ. ನಡೆಯುವವರ ಕಾಲು ತಿಕ್ಕಿ ತಮ್ಮ ಪಾಲು ಸಲ್ಲಿಸುತ್ತಿದ್ದರು. ಅಲ್ಲಿ ನನ್ನ ಸಂಕೋಚವನ್ನು ಕೇಳುವವರೇ ಇರಲಿಲ್ಲ.

ಎಲ್ಲವೂ ಬೆಲ್ಲ ಅಂತ ಹೇಳ್ತಿಲ್ಲ. "ಯಾವೂರು" ಅಂತ ಕೇಳಿದವರಲ್ಲಿ ಕೆಲವರು ಅದರ ಬೆನ್ನಿಗೇ "ಯಾವ ಮಂದಿ", ಅಂದರೆ ಯಾವ ಜಾತಿ, ಅಂತಲೂ ಕೇಳಿದರು. ಉತ್ತರ ಬೇರೆ ಆಗಿದ್ದರೆ ಒಳಗೆ ಕರೆಯುತ್ತಿದ್ದರಾ, ಪಡಸಾಲೆಯಲ್ಲೇ ಕೂರಿಸುತ್ತಿದ್ದರಾ ಅನ್ನೋ ಅನುಮಾನ ನನಗಿದೆ. ಕೆಲವು ಊಟದ ಪೆಂಡಾಲುಗಳಲ್ಲಿ ಮಲ್ಲಯ್ಯನ ಫೋಟೊಗಿಂತ ಲೀಡರುಗಳ ಫೋಟೊನೇ ದೊಡ್ಡದು. ನಾವು ನಡೆಯುವವರೂ ಸಾಚಾ ಅಲ್ಲ. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು. ಅದು ಹುಲಿ ಇರುವ ಕಾಡು, ಚೆಂಚು ಬುಡಕಟ್ಟಿನ ಜನರ ಊರು. ಅಲ್ಲಿ ನಮ್ಮವರು ಬಿಸಾಕಿ ಹೋದ ಪ್ಲಾಸ್ಟಿಕ್ ಬಾಟಲಿ ನೋಡಿದರೆ ತಲೆ ತಗ್ಗಿಸಬೇಕು.

2022ರ ಯುಗಾದಿ ಹೊತ್ತಿಗೆ ಶ್ರೀಶೈಲದಲ್ಲಿ ಕನ್ನಡದ ಭಕ್ತರಿಗೂ ಅಲ್ಲಿನ ಅಂಗಡಿಯವರಿಗೂ ಹೊಡೆದಾಟ ಆಗಿತ್ತಲ್ಲ, ಅದು ಎಲ್ಲ ಚಾನೆಲ್‌ಗಳಲ್ಲೂ ಬಂತು. ಕರ್ನೂಲು ಸೀಮೆಯ ತೆಲುಗು ಮನೆಗಳು ವರ್ಷವರ್ಷ ನಮ್ಮವರಿಗೆ ಮಜ್ಜಿಗೆ, ಕಲ್ಲಂಗಡಿ ಹಂಚೋದು ಯಾವ ಚಾನೆಲ್‌ನಲ್ಲೂ ಬರಲ್ಲ.

ಮುಗ್ಧತೆಯ ಮಾತಿಗೇ ಬರ್ತೀನಿ. 2020ರಲ್ಲಿ ಯುಗಾದಿ ದಿನವೇ, ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾಯ್ತು. ಆಗಲೂ ಜನ ನಡೆದರು. ಗುಳೆ ಹೋಗಿದ್ದವರು, ಕೂಸುಗಳನ್ನು ಹೊತ್ತು, ಊರ ಕಡೆಗೆ. ರಾಜ್ಯದ ಎಷ್ಟೋ ಹಳ್ಳಿಗಳು ಆಗ ಊರ ದಾರಿಗೆ ಮುಳ್ಳು ಹಚ್ಚಿದವು. ಅನ್ನ ಕೊಟ್ಟವರೂ ಇದ್ದರು, ಮುಳ್ಳು ಹಚ್ಚಿದವರೂ ಇದ್ದರು. ಅವರೂ ಹಳ್ಳಿಯವರೇ ಅಲ್ವಾ? ಹೆದರಿಕೆ ಇತ್ತು, ಪುಸ್ತಕ ಇರಲಿಲ್ಲ, ಪಾಳಿ ಹಂಚಿರಲಿಲ್ಲ. ಬರುವವರು ನಮ್ಮವರು ಅಂತ ಮೊದಲೇ ತೀರ್ಮಾನ ಆಗಿರಲಿಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಇರೋದು ಅಲ್ಲೇ. ಹಳ್ಳಿ ಒಳ್ಳೆಯದು, ಸಿಟಿ ಕೆಟ್ಟದ್ದು ಅನ್ನೋದರಲ್ಲಿ ಅಲ್ಲ.

ರಾಯಚೂರು ಸೀಮೆಯಿಂದ ಬೆಂಗಳೂರಿಗೆ ದುಡಿಯಲು ಬಂದು ತಗಡಿನ ಶೆಡ್‌ಗಳಲ್ಲಿ ಇರುವವರು ಬೇಕಾದಷ್ಟು ಜನ. ನನಗೆ ಬಿಸಿನೀರು ಕಾಸಿದವಳ ತಂಗಿಯೂ ಇಲ್ಲೇ ಎಲ್ಲೋ ಕಟ್ಟಡದ ಕೆಲಸದಲ್ಲಿದ್ದಾಳಂತೆ. ಅವಳಿಗೆ ಬಾಗಿಲು ಇರುವ ಬಚ್ಚಲು ಯಾರು ತೆರೆದಿದ್ದಾರೆ, ನನಗೆ ಗೊತ್ತಿಲ್ಲ.

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಬೇಸಿಗೆ ಮುಗಿಯೋವರೆಗೆ ಗೇಟಿನ ಹತ್ತಿರ ಒಂದು ಅರವಟ್ಟಿಗೆ ಇಡೋಣ, ಕೆಳಗಿನ ಖಾಲಿ ಟಾಯ್ಲೆಟ್ ಬೀಗ ತೆಗೆಯೋಣ, ಡೆಲಿವರಿ ಹುಡುಗರು, ಮನೆಗೆಲಸದವರು, ಪಕ್ಕದ ಸೈಟಿನ ಹೆಂಗಸರು ಬಳಸಲಿ ಅಂತ. ಮೂರು ಪ್ರಶ್ನೆ ಬಂತು. ತೊಳೆಯೋರು ಯಾರು? ದುಡ್ಡು ಯಾರದು? ಎಲ್ಲರೂ ಬಂದುಬಿಟ್ಟರೆ ಏನು ಮಾಡೋದು? ಮೊದಲ ಎರಡಕ್ಕೆ ಫ್ಲ್ಯಾಟ್ ನಂಬರ್ ಹಾಕಿ ಪಾಳಿ ಬರೆದು ಕಳಿಸಿದ್ದೀನಿ. ಮೂರನೆಯದಕ್ಕೆ "ಬರಲಿ ಬಿಡಿ" ಅಂದೆ. ಇಬ್ಬರು ಥಂಬ್ಸ್ ಅಪ್ ಒತ್ತಿದ್ದಾರೆ, ಸೆಕ್ರೆಟರಿ ಇನ್ನೂ ಮಾತಾಡಿಲ್ಲ. ಭಾನುವಾರ ಮೀಟಿಂಗ್ ಇದೆ.