ಹೊಟ್ಟಿ ಕೆಟ್ಟದ ಅಂತ ಸುಳ್ಳ್ ಹೇಳಿದ ಶುಕ್ರವಾರ

ಮೊನ್ನೆ ಕಲಬುರಗಿಯ ನಮ್ಮ ಕ್ಯಾಥೊಲಿಕ್ ಚರ್ಚಿನಾಗ ಒಬ್ಬ ಹುಡುಗಿ ಕೇಳಿದ್ಲು, ಅಕ್ಕಾ, ದೇವ್ರನ್ನ ನಂಬಲಾರದ ಸಂಬಂಧಿಕರ ಮನಿಗೆ ಹೋದಾಗ ಜಪಸರ (ಮಣಿ ಎಣಿಸ್ಕೋತ ಮಾಡೋ ಪ್ರಾರ್ಥನಿ), ಚರ್ಚಿನ ಪೂಜಿ ಇವೆಲ್ಲ ಹೆಂಗ ಸಂಭಾಳಸ್ತೀರಿ ಅಂತ. ನಗು ಬಂತು, ಯಾಕಂದ್ರ ನಾ ಇದ್ರಾಗ ಒಮ್ಮೆ ಭಾಳ ಕೆಟ್ಟದಾಗಿ ಫೇಲ್ ಆಗೀನಿ.

ನಮ್ಮ ಮಾಮಾ, ಅವ್ವನ ಸ್ವಂತ ತಮ್ಮ, ಬೀದರ್‌ದಾಗ ಇರ್ತಾರ. ಸಣ್ಣವರಿದ್ದಾಗ ಪೂಜಿಯೊಳಗ ಗಂಟಿ ಬಾರಿಸ್ತಿದ್ದ ಮನುಷ್ಯ, ಆಮ್ಯಾಲ ಯೂನಿಯನ್, ಭಾಷಣ ಅಂತ ಹೋಗಿ ಚರ್ಚು ಬಿಟ್ರು. ಅತ್ತಿನೂ ಹಂಗೇ. ಮನ್ಯಾಗ ಒಂದು ದೇವ್ರ ಫೋಟೋ ಇಲ್ಲ, ಕ್ಯಾಲೆಂಡರೂ ಗೊಬ್ಬರದ ಅಂಗಡಿದು. ಆದ್ರ ಬಂದವರಿಗೆ ಉಣಸೋದ್ರಾಗ ಅವರನ್ನ ಮೀರ್ಸೋರಿಲ್ಲ.

2025ರ ತಪಸ್ಸು ಕಾಲ, ಅಂದ್ರ ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳು. ಮಾರ್ಚ್ 5ಕ್ಕ ಅದರ ಮೊದಲ ದಿನ, ಬೂದಿ ಬುಧವಾರ ಮುಗಿಸ್ಕೊಂಡು ಮರುದಿನ ಬೀದರ್ ಟ್ರೇನ್ ಹತ್ತಿದೆ (2017ರಾಗ ಈ ಲೈನ್ ಶುರು ಆದಾಗಿಂದ ನಂಗ ಬಸ್ಸಿನ ಕಾಟ ತಪ್ಪೇದ). ಶುಕ್ರವಾರ ನಸುಕಿನ್ಯಾಗೇ ಅತ್ತಿ ಮಟನ್ ತರಿಸಿ ಮಸಾಲಿ ಅರೀಲಿಕ್ಕತ್ತಿದ್ರು. ಯೇಸು ಶಿಲುಬಿ ಮ್ಯಾಲ ಸತ್ತ ದಿನ ಅಂತ ತಪಸ್ಸು ಕಾಲದ ಶುಕ್ರವಾರ ನಾವು ಮಾಂಸ ಮುಟ್ಟಂಗಿಲ್ಲ, 14 ತುಂಬಿದವರಿಗೆಲ್ಲ ಅದು ನಿಯಮ. ಇಷ್ಟ್ ಹೇಳಿದ್ರ ಮುಗೀತಿತ್ತು. ಮಾಮಾ ಎಲ್ಲಿ ವಾದ ತೆಗೀತಾರೋ ಅಂತ ಹೆದರಿ "ಅತ್ತಿ, ನಂಗ ಹೊಟ್ಟಿ ಕೆಟ್ಟದ" ಅಂದುಬಿಟ್ಟೆ.

ಮುಗೀತು ನನ್ನ ಕಥಿ. ಓಮಿನಕಾಳಿನ ಕಷಾಯ, ಮಧ್ಯಾಹ್ನ ಮಜ್ಜಿಗಿ ಅನ್ನ, ರಾತ್ರಿ ಗಂಜಿ. ಶನಿವಾರ ಆರಾಮ ಇದೀನಿ ಅಂದ್ರೂ ಬಿಡ್ಲಿಲ್ಲ, ಎಲ್ಲಾರ ಮುಂದ ಎಣ್ಣೆಗಾಯಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನನ್ನ ಮುಂದ ಮತ್ತ ಗಂಜಿ. ರಾತ್ರಿ ಅತ್ತಿ ಎರಡು ಸಲ ಎದ್ದು ಬಂದು ಹಣಿ ಮುಟ್ಟಿ ನೋಡಿದ್ರು, ನಾ ಹೊದಿಕಿ ಒಳಗ ಜಪಸರ ಮುಷ್ಟಿಯಾಗ ಹಿಡ್ಕೊಂಡು ನಿದ್ದಿ ಹತ್ತಿದವರಂಗ ಬಿದ್ದಿದ್ದೆ, ಆ ಕೈ ಹಣಿ ಮ್ಯಾಲ ಇದ್ದಾಗ ಎಷ್ಟನೇ ನಮೋ ಮರಿಯಾ (ಮಾತೆ ಮರಿಯಳ ಪ್ರಾರ್ಥನಿ) ಅಂತ ಲೆಕ್ಕಾನೇ ತಪ್ಪಿತು. ಇಂಥ ಸುಳ್ಳಿಗಿಂತ ಮಟನ್ ತಿಂದಿದ್ರೇ ಪಾಪ ಕಡಿಮಿ ಆಗ್ತಿತ್ತೇನೋ. (ಫಾದರ್ ಈ ಮಾತು ಒಪ್ಪೋದಿಲ್ಲ, ಗೊತ್ತದ.)

ರವಿವಾರದ ಪೂಜಿ ಪರಊರಾಗಿದ್ರೂ ತಪ್ಪಸಂಗಿಲ್ಲ. ಶನಿವಾರ ಸಂಜಿ ಪೂಜಿ ಸಿಕ್ಕಿದ್ರೂ ನಡೀತಿತ್ತು, ಆದ್ರ ಹೊಟ್ಟಿ ಕೆಟ್ಟಾಕಿನ್ನ ಹೊರಗ ಬಿಡೋರ್ಯಾರು? ಮುಂಜಾನಿ ಅಡ್ಡಾಡಿ ಬರ್ತೀನಿ ಅಂತ ಇನ್ನೊಂದು ಸುಳ್ಳು ಹೇಳಿ ಆಟೋ ಹತ್ತಿದೆ. ಚರ್ಚ್ ಅಂದ ಕೂಡ್ಲೇ ಆಟೋದಾಂವ ಸೀದಾ ಪ್ರೊಟೆಸ್ಟಂಟರ ಮೆಥೋಡಿಸ್ಟ್ ಚರ್ಚ್ ಮುಂದ ನಿಲ್ಲಿಸಿದ. ಅವನ ತಪ್ಪಿಲ್ಲ ಬಿಡ್ರಿ, ಬೀದರ್‌ದಾಗ ಮೆಥೋಡಿಸ್ಟರು ಹಳಬರು, ನಮ್ಮ ಗುಲ್ಬರ್ಗಾ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಕೈಕೆಳಗಿನ ಚರ್ಚುಗಳ ಪ್ರದೇಶ) ಆಗಿದ್ದೇ 2005ರಾಗ. ನಮ್ಮ ಚರ್ಚು ಮುಟ್ಟೋದ್ರಾಗ ಬೈಬಲ್ ವಾಚನ ಮುಗಿದು ಫಾದರ್ ಪ್ರಬೋಧನೆ ನಡದಿತ್ತು.

ಹೊಳ್ಳಿ ಬಂದ್ರ ಮಾಮಾ ಅಂಗಳದಾಗ ಪೇಪರ್ ಓದ್ತಿದ್ರು. ತಲಿ ಎತ್ತದೇ "ಪೂಜಿ ಮುಗೀತೇನವ್ವ" ಅಂದ್ರು.

"ನಿಂಗ ಹೊಟ್ಟಿ ಕೆಟ್ಟಿಲ್ಲ ಅಂತ ಶುಕ್ರವಾರನೇ ತಿಳೀತು, ನಾನೂ ಅದೇ ಮನ್ಯಾಗ ಬೆಳದಾಂವ. ಎದುರು ಮನಿ ಚಾಚಾ ಈಗ ರೋಜಾ ಅದಾರ, ಅವರ ಮುಂದ ನಾ ಚಾ ಕುಡಿಯಂಗಿಲ್ಲ. ಶ್ರಾವಣದಾಗ ಓಣಿ ಅರ್ಧ ಮಂದಿ ಮಾಂಸ ಬಿಡ್ತಾರ, ನಾವೇನರೆ ಅಂತೀವೇನು? ನೀ ಒಬ್ಬಾಕಿ ನಮಗ ಹೆದರಬೇಕೇನು?"

"ಮತ್ತ ಅತ್ತಿಗೆ ಯಾಕ ಹೇಳ್ಲಿಲ್ರಿ ಮಾಮಾ?"

"ಗಂಜಿ ಕುಡದ್ರ ಬುದ್ಧಿ ಬರ್ತದ ಅಂತ."

ಈಗ ನಾ ಫೋನಿನ್ಯಾಗೇ ಹೇಳಿಬಿಡ್ತೀನಿ, ಅತ್ತಿ, ಶುಕ್ರವಾರ ನಂಗ ಪುಂಡಿಪಲ್ಯ ಸಾಕು, ರವಿವಾರ ಮುಂಜಾನಿ ಚರ್ಚಿಗೆ ಹೋಗ್ತೀನಿ ಅಂತ. ಕಾರಣ ಕೇಳಿದ್ರ ಹೇಳೋದು, ಕೇಳದಿದ್ರ ಸುಮ್ನಿರೋದು. ಊಟಕ್ಕ ಕುಂತಾಗ ಶಿಲುಬಿ ಗುರುತು ಹಾಕ್ಕೊಂಡು ರೊಟ್ಟಿ ಮುರೀತೀನಿ, ಹಸದವರನ್ನ ಕಾಯಿಸಿ ಉದ್ದನ್ನ ಪ್ರಾರ್ಥನಿ ಮಾಡಂಗಿಲ್ಲ. ನಮ್ಮವರೇ ಕೆಲವರು ಹೋದ ಮನ್ಯಾಗ ಟಿವಿ ಬಂದ್ ಮಾಡ್ಸಿ ಎಲ್ಲಾರನ್ನೂ ಜಪಸರಕ್ಕ ಕುಂಡ್ರಸ್ತಾರ, ನಂಗಂತೂ ಅದು ಭಕ್ತಿ ಅನಸಂಗಿಲ್ಲ, ಜುಲುಮಿ. 53 ನಮೋ ಮರಿಯಾ ನಾ ಮಾಳಗಿ ಮ್ಯಾಲ ಅಡ್ಡಾಡ್ಕೋತ ಮುಗಸ್ತೀನಿ.

ಈ ಸಲ ಶುಕ್ರವಾರ ಅತ್ತಿ ಮೀನು ತರಿಸಿದ್ರು, ನಡೀತದ ಅಂತ ಎಲ್ಲೋ ಕೇಳಿದ್ರಂತ. ಮಾಮಾ ಮುಳ್ಳು ತಕ್ಕೋತ "ಆಡು ಬ್ಯಾಡ, ಮೀನು ನಡೀತದ, ಇದ್ಯಾವ ಲಾಜಿಕ್ಕು" ಅಂತ ಶುರು ಮಾಡಿದ್ರು. "ತತ್ತಿನೂ ನಡೀತದ್ರಿ" ಅಂದೆ. ಅದು ರಾತ್ರಿ ಹನ್ನೊಂದರ ತನಕ ನಡೀತು. ರವಿವಾರ ಅವರೇ ಸ್ಕೂಟರ್ ಹೊರಗ ತಗದ್ರು, ಚರ್ಚಿಗೆ ಬಿಟ್ಟು ಎದುರಿನ ಚಾದಂಗಡ್ಯಾಗ ಕುಂತು ಕಾದ್ರು. ಒಳಗ ಬರ್ತೀರೇನ್ರಿ ಅಂತ ನಾ ಕೇಳ್ಲಿಲ್ಲ.