ಸತ್ಯಾಂಶ: ಆ ಉದ್ದದ ವ್ಯಾಗನ್‌ನಲ್ಲಿರುವುದು ಅಣುಬಾಂಬ್ ಅಲ್ಲ

ಲೆಕ್ಕವಿಲ್ಲದಷ್ಟು ಚಕ್ರಗಳ ಒಂದು ವ್ಯಾಗನ್, ನಡುವೆ ದೊಡ್ಡ ಲೋಹದ ಪೆಟ್ಟಿಗೆ. 'ರಹಸ್ಯವಾಗಿ ಅಣುಬಾಂಬ್ ಸಾಗಿಸುತ್ತಿದ್ದಾರೆ, ಎಲ್ಲರಿಗೂ ಕಳಿಸಿ' ಎಂಬ ಫಾರ್ವರ್ಡ್ ಬಂದರೆ ಗಾಬರಿ ಬೇಡ.

ಇದರ ಹೆಸರು ಶ್ನಾಬೆಲ್ ವ್ಯಾಗನ್. ಜರ್ಮನ್ ಭಾಷೆಯಲ್ಲಿ ಶ್ನಾಬೆಲ್ ಅಂದರೆ ಕೊಕ್ಕು. ಎರಡು ಕಡೆಯ ಉಕ್ಕಿನ ತೋಳುಗಳು ಕೊಕ್ಕಿನ ಹಾಗೆ ಸರಕನ್ನು ಕಚ್ಚಿ ಹಿಡಿಯುತ್ತವೆ. ಸರಕಿನ ಕೆಳಗೆ ತಳವೇ ಇರುವುದಿಲ್ಲ! ಸರಕೇ ವ್ಯಾಗನ್‌ನ ನಡುಭಾಗ. ಖಾಲಿ ಇದ್ದಾಗ ಎರಡು ತೋಳುಗಳನ್ನೂ ಒಂದಕ್ಕೊಂದು ಜೋಡಿಸಿ ಓಡಿಸುತ್ತಾರೆ.

ಸಾಮಾನ್ಯವಾಗಿ ಹೀಗೆ ಹೋಗುವುದು ವಿದ್ಯುತ್ ಟ್ರಾನ್ಸ್‌ಫಾರ್ಮರ್. ಒಂದೊಂದು ನೂರಾರು ಟನ್ ತೂಗುತ್ತದೆ. ಆ ಭಾರ ಒಂದೇ ಕಡೆ ಬಿದ್ದರೆ ಹಳಿ, ಸೇತುವೆ ತಡೆಯುವುದಿಲ್ಲ, ಅದಕ್ಕೇ ಅಷ್ಟು ಚಕ್ರ. ಉತ್ತರ ಅಮೆರಿಕದ ಸಿಇಬಿಎಕ್ಸ್ 800 ಎಂಬ ಶ್ನಾಬೆಲ್‌ಗೆ 36 ಅಚ್ಚುಗಳಿವೆ, ಅಂದರೆ 72 ಚಕ್ರ. ಎಣಿಸೋಕೇ ಸುಸ್ತಾಗುತ್ತೆ ಅಲ್ವಾ?

'ಅಣು' ಅನ್ನೋ ಮಾತು ಪೂರ್ತಿ ಸುಮ್ನೆ ಹುಟ್ಟಿದ್ದೂ ಅಲ್ಲ. ಅಣು ವಿದ್ಯುತ್ ಸ್ಥಾವರದ ರಿಯಾಕ್ಟರ್ ಪಾತ್ರೆಗಳನ್ನೂ ಇಂಥ ವ್ಯಾಗನ್‌ನಲ್ಲಿ ಸಾಗಿಸಿದ್ದಾರೆ. ಆದರೆ ಕಾರ್ಖಾನೆಯಿಂದ ಹೊರಟ ಹೊಸ ಪಾತ್ರೆ ಬರೀ ದಪ್ಪ ಉಕ್ಕು. ಇಂಧನ ತುಂಬುವುದು ಸ್ಥಾವರದಲ್ಲಿ ಕೂರಿಸಿದ ಮೇಲೆಯೇ.

ಇನ್ನು ಅದು ತೆವಳುತ್ತಾ ಹೋಗುವುದು ಗುಟ್ಟಿಗಾಗಿ ಅಲ್ಲ, ತೂಕಕ್ಕಾಗಿ.